ತೆವಳಿದ ಗುರುತು

ತರಗತಿಯ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಮೂಡಿದ ಚಿತ್ರ ನೋಡಿದ್ದೇ, ಎಮಿಟ್ ಎತ್ತಿದ್ದ ಕಾಫಿ ಲೋಟ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ಮನೆಯೊಂದರ ನೆಲದಡಿಯ, ತೆವಳಿಕೊಂಡೇ ಹೋಗಬೇಕಾದ ಇಕ್ಕಟ್ಟು ಜಾಗ, ಮೂಲೆಯಲ್ಲೊಂದು ನೀಲಿ ಪೀಪಾಯಿ. ಮೂರು ವರ್ಷದ ಹಿಂದೆ ಆ ಮನೆಯನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸಿದವನು ಅವನೇ. ಹಾವಿಗೆ ಹೆದರಿ, ಆ ಜಾಗದ ಬಾಗಿಲಲ್ಲೇ ಕೂತು ಒಳಗೆ ಟಾರ್ಚ್ ಬೆಳಕು ಬಿಟ್ಟು, 'ಕೊನೆಯ ಗೋಡೆಯವರೆಗೂ ತೆವಳಿ ನೋಡಿದ್ದೇನೆ' ಎಂದು ವರದಿ ಬರೆದು ಸಹಿ ಹಾಕಿದ್ದ.

"ಈ ಕೆಂಪು ಮಣ್ಣು ನೋಡಿ," ಎಂದಳು ಪಾಠ ಹೇಳುತ್ತಿದ್ದ ಬರ್ನೀಸ್. "ಮೊಣಕೈ, ಮೊಣಕಾಲಿನ ಗುರುತು ಕೊನೇ ಗೋಡೆ ತನಕ ಹೋಗಿದೆ. ವಾಪಸ್ ಬಂದಿರೋ ಗುರುತೇ ಇಲ್ಲ. ಪುಣ್ಯಾತ್ಮ ಇನ್ನೂ ಒಳಗೇ ಇರ್ಬೇಕು."

ಮನೆ ಪರೀಕ್ಷಕರ ಲೈಸೆನ್ಸ್ ನವೀಕರಣದ ತರಗತಿಗೆಂದು ಆರ್ಕನ್ಸಾ ರಾಜ್ಯದ ಮೂಲೆಮೂಲೆಯಿಂದ ಬಂದಿದ್ದವರೆಲ್ಲ ನಕ್ಕರು. ಪಕ್ಕದಲ್ಲಿದ್ದ ಗೆಳೆಯ ಹಾಯ್ಟ್ ಎಮಿಟ್‌ನ ಹೊಟ್ಟೆ ತಿವಿದ. "ನೀನಂತೂ ಅಲ್ಲ ಬಿಡೋ. ನೀನು ಸಿಕ್ಕಾಕೊಂಡ್ರೆ ಮನೆನೇ ಎತ್ತಬೇಕಾಗತ್ತೆ."

ಎಮಿಟ್ ನಗಲಿಲ್ಲ. ಹಾಜರಿ ಹಾಳೆ ಕೈಯಿಂದ ಕೈಗೆ ದಾಟಿ ಬರುತ್ತಿತ್ತು. ಬೆಳಗ್ಗೆ ಹಾಕಿದ್ದರೂ, ಈಗ ಊಟವಾದ ಮೇಲೆ ಇನ್ನೊಮ್ಮೆ ಸಹಿ ಹಾಕದಿದ್ದರೆ ದಿನವಿಡೀ ಕೂತದ್ದೂ ವ್ಯರ್ಥ, ಲೈಸೆನ್ಸೂ ಇಲ್ಲ. ಅವನು ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಬಾಗಿದ. ಅವನ ಹೆಸರಿನ ಮುಂದೆ, ಮಧ್ಯಾಹ್ನದ ಜಾಗದಲ್ಲೂ ಆಗಲೇ ಸಹಿಯಿತ್ತು, ಅವನದೇ ಕೈಬರಹ. ಪಕ್ಕದಲ್ಲಿ, ಇನ್ನೂ ಆರದ ಕೆಂಪು ಮಣ್ಣಿನ ಹೆಬ್ಬೆರಳ ಗುರುತು.

"ಆಗ್ಲೇ ಹಾಕಿದೀಯಲ್ಲೋ, ಮುಂದಕ್ಕೆ ಕೊಡು," ಎಂದ ಹಾಯ್ಟ್.

ಎಮಿಟ್ ತನ್ನ ಹೆಬ್ಬೆರಳು ತಿರುಗಿಸಿ ನೋಡಿಕೊಂಡ. ಚೊಕ್ಕವಾಗಿತ್ತು. ಆ ಮನೆಯಿಂದ ಹಿಂತಿರುಗಿದ ದಿನವೂ ಅದು ಅಷ್ಟೇ ಚೊಕ್ಕವಾಗಿತ್ತು.