ಎರಡನೆಯ ಉತ್ತರ

ಏಕಾಂತಯ್ಯ ಮೇಷ್ಟ್ರು ಸೊಸೆಯನ್ನು ಕರೆದೊಯ್ಯಲು ತುಮಕೂರಿನಿಂದ ಗುಬ್ಬಿಗೆ ಬಂದದ್ದು ಇದು ಮೂರನೆಯ ಸಲ. ಬೀಗಿತ್ತಿ ಕಲ್ಲಮ್ಮ ಕೊಟ್ಟ ನೀರು ಕುಡಿದು, ಬೆವರಿಗೆ ಕರಗಿದ ವಿಭೂತಿಯನ್ನು ಟವಲಿನಲ್ಲಿ ಒತ್ತಿಕೊಂಡು, ‘ಶಿವಾ’ ಎನ್ನುತ್ತ ಜಗಲಿಯ ಮೇಲೆ ಕೂತರು. ಪಲ್ಲವಿ ಕಂಬಕ್ಕೊರಗಿ ನಿಂತಿದ್ದಳು. ಐದು ತಿಂಗಳ ಬಸುರಿ. ಎಡಗಣ್ಣಿನ ಕೆಳಗಿನ ಕಲೆ ಈಗ ಹಳದಿಗೆ ತಿರುಗಿತ್ತು.

“ಏಳಕ್ಕೆ ನಾವೇ ಸೀಮಂತ ಮಾಡಿ ಕಳಿಸ್ತೀವಿ ಕಣಮ್ಮ. ಈಗ ಬಾ. ಅಪ್ಪ ಇಲ್ದೆ ಬೆಳೀಬೇಕಾ ಆ ಮಗು?”

“ಅವ್ರು ಮತ್ತೆ ಹೊಡೆದ್ರೆ ಸಾರ್?”

ಮದುವೆಯಾಗಿ ಎರಡು ವರ್ಷವಾದರೂ ಸಾರ್ ಎನ್ನುವ ರೂಢಿ ಹೋಗಿರಲಿಲ್ಲ. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವರು ಮನಶ್ಶಾಸ್ತ್ರ ಹೇಳುವಾಗ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳು. ಅವರೇ ಮೆಚ್ಚಿ ಮಗ ಬಸವಪ್ರಭುವಿಗೆ ತಂದುಕೊಂಡಿದ್ದರು.

“ಏನ್ಮಾಡ್ಲಿ ಹೇಳು. ನಮ್ಮ ವಂಶದ ರಕ್ತಾನೇ ಹಂಗೆ. ನಮ್ಮಪ್ಪಂಗೂ ಇದೇ ಕೋಪ, ಕುಣಿಗಲ್‌ನಲ್ಲಿರೋ ಚಿಕ್ಕಪ್ಪಂಗೂ ಇದೇ ಕೋಪ. ಹುಟ್ಟಿನಿಂದ ಬಂದಿದ್ದು. ಪಾಪ, ಅವನ ತಪ್ಪಲ್ಲ.”

“ಹಿರೇಹಳ್ಳಿ ಫ್ಯಾಕ್ಟ್ರೀಲಿ ಮ್ಯಾನೇಜರ್ ಬೈದ್ರೆ ಕೈ ಕಟ್ಕಂಡು ನಿಂತ್ಕತಾರಂತೆ ಅಳಿಯಂದ್ರು,” ಕಲ್ಲಮ್ಮ ಒಳಗಿನಿಂದಲೇ ಕೇಳಿದಳು. “ಅವಾಗ ಆ ರಕ್ತ ಎಲ್ಲೋಗಿರ್ತದೆ ಬೀಗ್ರೇ, ಊಟಕ್ಕಾ?”

“ನೀನು ಸುಮ್ನಿರವ್ವ,” ಎಂದು ಪಲ್ಲವಿ ಮಾವನೆದುರು ಮೆಲ್ಲಗೆ ಕೂತಳು. “ಸಾರ್, ಮನುಷ್ಯ ಯಾಕೆ ಹಿಂಗೆ ನಡ್ಕೋತಾನೆ ಅಂದ್ರೆ ಎರಡು ಉತ್ತರ ಬರೀಬೇಕು ಅಂತಿದ್ರಿ. ಒಂದು, ಮೈಯಲ್ಲೇ ಹುಟ್ಟಿ ಬಂದಿದ್ದು. ಇನ್ನೊಂದು, ನೋಡಿ ಮಾಡಿ ರೂಢಿಯಾಗಿದ್ದು. ಒಂದನ್ನೇ ಬರೆದ್ರೆ ಅರ್ಧ ಮಾರ್ಕ್ಸ್ ಹೋಯ್ತು ಅಂತ ಹೆದರಿಸ್ತಿದ್ರಿ. ಈವತ್ತು ನೀವೇ ಒಂದಕ್ಕೆ ನಿಲ್ಲಿಸಿಬಿಟ್ರಲ್ಲ?”

ಮೇಷ್ಟ್ರು ನಗಲು ನೋಡಿದರು. ನಗು ಬರಲಿಲ್ಲ.

“ನೀವೂ ಅತ್ತೇಗೆ ಹೊಡೀತಿದ್ರಾ?”

ಬೀದಿಯಲ್ಲಿ ತೆಂಗಿನಕಾಯಿ ತುಂಬಿದ ಗಾಡಿಯೊಂದು ಕಿರುಗುಟ್ಟುತ್ತ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಅವರು ಅದನ್ನೇ ನೋಡಿದರು. ಹೆಂಡತಿ ತೀರಿಕೊಂಡು ಆರು ವರ್ಷ. ದಿನಕ್ಕೆರಡು ಹೊತ್ತು ಲಿಂಗಪೂಜೆಗೆ ಕೂರುತ್ತಿದ್ದರು. ಅಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

“ಹೊಡೀತಿದ್ದೆ.”

“ನಿಮ್ಮಪ್ಪ ನಿಮ್ಮವ್ವಂಗೆ ಹೊಡೆಯೋವಾಗ ನೀವೆಲ್ಲಿರ್ತಿದ್ರಿ?”

“ಅಲ್ಲೇ. ಅಡುಗೆಮನೆ ಬಾಗಿಲತ್ರ. ನೋಡ್ಕೊಂಡು ನಿಂತಿರ್ತಿದ್ದೆ.”

“ನೀವು ಅತ್ತೇಗೆ ಹೊಡೆಯೋವಾಗ ಇವ್ರು?”

ಮೂವತ್ತು ವರ್ಷ ಪಾಠ ಹೇಳಿದ ದನಿ ಎಲ್ಲೋ ತಳಕ್ಕೆ ಇಳಿದಿತ್ತು. “ಅವ್ನೂ ಅಲ್ಲೇ ಕಣಮ್ಮ,” ಎಂದರು.

ಕಲ್ಲಮ್ಮ ಕಾಫಿ ತಂದವಳು ಲೋಟ ಕೆಳಗಿಡುವುದನ್ನೂ ಮರೆತು ನಿಂತಳು. ಪಲ್ಲವಿಗೆ ಗೆದ್ದ ಸಂತೋಷವೇನೂ ಇರಲಿಲ್ಲ, ಸುಸ್ತಾಗಿತ್ತು. ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.

“ರಕ್ತದ್ದು ನನ್ನ ಕೈಲಿಲ್ಲ ಸಾರ್, ಅದು ಆಗ್ಲೇ ಒಳಗೆ ಬಂದ್ಬಿಟ್ಟೈತೆ,” ಎಂದಳು. “ಆದ್ರೆ ಇದನ್ನ ತಗೊಂಡೋಗಿ ಆ ಬಾಗಿಲತ್ರ ನಿಲ್ಲಿಸೋದಿಲ್ಲ.”