ಹವಳಕ್ಕೆ ಕಟ್ಟಿದ ದಾರ

"ಸತ್ತಿದೆ," ಎಂದು ಗಂಡ ತೀರ್ಪು ಕೊಟ್ಟ. ಹಾಲಿನಲ್ಲಿ ಅಲಂಕಾರಕ್ಕಿಟ್ಟ ಉಪ್ಪುನೀರಿನ ಗಾಜಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಬಿಟ್ಟು, ಅಣಬೆಯಂತಿದ್ದ ಆ ಮೆತ್ತನೆಯ ಕಡಲಜೀವಿ ಹವಳವನ್ನು ಕಲ್ಲುಸಮೇತ ಎತ್ತಿ, ಮೂಸಿಯೂ ನೋಡಿದ. ಅವನ ತೋಳಿನಿಂದ ಇಳಿದ ನೀರು ಹೆಂಡತಿ ಆಗಷ್ಟೇ ಒರೆಸಿದ್ದ ನೆಲದ ಮೇಲೆ ಬಿತ್ತು.

"ಸತ್ತಿಲ್ಲ ರೀ, ಮುದುಡಿಕೊಂಡಿದೆ ಅಷ್ಟೇ," ಎಂದಳು ಅವಳು, ಒರೆಸುವ ಬಟ್ಟೆ ಹಿಂಡುತ್ತ. "ಮೈಮೇಲೆ ಮೇಣದ ಥರ ಪೊರೆ ಬರುತ್ತೆ, ಅದು ಕಳಚೋವರೆಗೂ ಮುಟ್ಟಬೇಡಿ ಅಂತ ಇದನ್ನ ಕೊಟ್ಟ ಅಂಗಡಿಯಾಕೆ ಹೇಳಿರ್ಲಿಲ್ವಾ?"

"ಅಂಗಡಿಯವರು ಹೇಳೋದನ್ನೆಲ್ಲ ನಂಬಿದ್ರೆ ಆಯ್ತು. ನಿನಗೇನು ಗೊತ್ತು, ಸುಮ್ನಿರು."

ಸುಮ್ಮನಿರುವುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಅವನಿಗೆ. ಕಂಪನಿಯಿಂದ ಕಂಪನಿಗೆ ಹೋಗಿ, ಕಾಲರಿಗೆ ಮೈಕು ಸಿಕ್ಕಿಸಿಕೊಂಡು, ತಾಳ್ಮೆಯ ಬಗ್ಗೆ ಉಪನ್ಯಾಸ ಕೊಡುವುದು ಅವನ ಕಸುಬು. ಅಲ್ಲಿ ಎಲ್ಲರೂ ಅವನನ್ನು ಸರ್ ಎನ್ನುತ್ತಿದ್ದರು. ಮನಸ್ಸಿನೊಳಗೆ ಅವಳೂ ಹಾಗೇ ಕರೆಯುತ್ತಿದ್ದಳು, ಗೌರವಕ್ಕಲ್ಲ. ಈ ತಾಳ್ಮೆಯ ಸರ್ ಹವಳ ತಂದ ದಿನದಿಂದ ಅದನ್ನು ಒಂದು ಕಡೆ ಕೂರಲು ಬಿಟ್ಟಿರಲಿಲ್ಲ. ಬೆಳಿಗ್ಗೆ ದೀಪದ ನೇರ ಕೆಳಗೆ, ಮಧ್ಯಾಹ್ನ ಮೂಲೆಗೆ, ಸಂಜೆ ಪಂಪಿನ ಬಾಯಿಗೆ. ಮನೆಗೆ ಬಂದವರೆದುರು ಬೆರಳಿನಿಂದ ತಿವಿದು ತೋರಿಸುವುದು ಬೇರೆ. ಎಳೆದಾಟಕ್ಕೆ ಒಮ್ಮೆ ಅದು ಕಲ್ಲಿನಿಂದ ಕಿತ್ತೇ ಬಂದಿತ್ತು. ಅವನು ಫೋನಿನಲ್ಲಿ ಯಾರಿಗೋ ಬುದ್ಧಿ ಹೇಳುತ್ತಿದ್ದ ಹೊತ್ತು ನೋಡಿ, ಹೊಲಿಗೆ ಡಬ್ಬಿಯಿಂದ ಹಸಿರು ನೈಲಾನ್ ದಾರ ತಂದು ಅದನ್ನು ಕಲ್ಲಿಗೆ ಕಟ್ಟಿದವಳು ಅವಳು. ಕೋಟಿನ ಗುಂಡಿಗೆ ಹಾಕುವಂಥ ತನ್ನದೇ ಗಂಟನ್ನು, ಕಣ್ಣಿಗೆ ಬೀಳದ ಹಾಗೆ ಕಲ್ಲಿನ ಅಡಿಯಲ್ಲಿ ಹಾಕಿದ್ದಳು.

ಹೊಲಿಗೆ ಮಿಷಿನ್ನಿನ ಪಾಡೂ ಇದೇ ಆಗಿತ್ತು. ಅಡುಗೆಮನೆಯ ಕಿಟಕಿಯ ಪಕ್ಕ ನೆಮ್ಮದಿಯಾಗಿ ಓಡುತ್ತಿದ್ದದ್ದನ್ನು ಬೆಳಕು ಸಾಲದೆಂದು ಹಾಲಿಗೆ ತಂದ, ಸದ್ದೆಂದು ಮಲಗುವ ಕೋಣೆಗೆ ಸರಿಸಿದ, ಅಲ್ಲಿ ಅಡ್ಡವೆಂದು ಬಾಗಿಲ ಹಿಂದಕ್ಕೆ ದೂಡಿದ. ಬೆನ್ನ ಹಿಂದೆ ನಿಂತು, "ಈ ಹೊಲಿಗೆ ಯಾಕೆ ಸೊಟ್ಟ ಹೋಯ್ತು?" ಎಂದು ಕೇಳಿದ, ಅದು ನೆಟ್ಟಗಿದ್ದಾಗಲೂ. ಒಂದು ದಿನ ಅವಳು ಮುಚ್ಚಳ ಹಾಕಿಬಿಟ್ಟಳು. ಈಗ ಪಕ್ಕದೂರಿನಲ್ಲಿ ಅಕ್ಕ ಹೊಲಿಗೆ ಅಂಗಡಿ ತೆರೆದು, ಮಿಷಿನ್ ತಗೊಂಡು ಬಾರೇ ಎಂದು ಕರೆಯುತ್ತಲೇ ಇದ್ದಳು. ಪ್ರತಿ ಸಲವೂ ಅವನೇ ಫೋನು ಕಿತ್ತುಕೊಂಡು, "ಅವಳ ಕೈಲಿ ಏನಾಗುತ್ತೆ, ಬಿಡಿ ಅತ್ತಿಗೆ," ಎನ್ನುತ್ತಿದ್ದ. ಕೇಳಿ ಕೇಳಿ ಅವಳಿಗೂ ಅದು ನಿಜವಿರಬಹುದೇ ಅನ್ನಿಸತೊಡಗಿತ್ತು. ಅವಳನ್ನು ಕಾಡುತ್ತಿದ್ದದ್ದು ಅದೊಂದೇ.

ಹವಳ ಬಕೀಟಿನಲ್ಲಿ ಅಂಗಡಿಗೆ ವಾಪಸು ಹೋಯಿತು. "ಈ ಹೆಣಾನ ನೀವೇ ಇಟ್ಕೊಳ್ಳಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ," ಎಂದು ಸರ್ ಬೀಗುತ್ತ ಬಂದ. ಕೆಲವು ವಾರ ತೊಟ್ಟಿಯಲ್ಲಿ ಬರೀ ಕಲ್ಲು, ಮರಳು. ಆಮೇಲೊಂದು ಭಾನುವಾರ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು, ಗೆದ್ದವನ ಹಾಗೆ ಒಳಗೆ ಬಂದ.

"ನೋಡು, ಇದು ಜಾತಿ ಹವಳ. ಅದೊಂದು ದಂಡಪಿಂಡ," ಎಂದು ಅಂಗಡಿಯಲ್ಲಿ ಅದು ಅರಳಿದ್ದಾಗ ತೆಗೆದ ಫೋಟೋ ತೋರಿಸಿದ. ಅಗಲವಾಗಿ ಬಿಚ್ಚಿಕೊಂಡ ತಲೆಯ ತುಂಬ ಸಣ್ಣ ಸಣ್ಣ ಬೆರಳಿನಂಥ ಎಳೆಗಳು. ಅವಳು ಕಣ್ಣು ಕೀಳದೆ ನೋಡಿದಳು.

"ಅಲ್ಲಿ ಏನು ಮಾಡ್ತಾರಂತೆ ಇದಕ್ಕೆ?"

"ಏನೂ ಇಲ್ವಂತೆ. ಒಂದು ಮೂಲೇಲಿ ಇಟ್ಟು ಮರೆತುಬಿಡ್ತಾರಂತೆ. ತಳಿ ಚೆನ್ನಾಗಿದ್ರೆ ಹೀಗೆ, ತಾನಾಗೇ ಅರಳುತ್ತೆ. ಅಂಗಡಿಯಾಕೆ ಬೇರೆ ನಗ್ತಾನೇ ಇದ್ಳು, ಒಳ್ಳೇ ಗಿರಾಕಿ ಸಿಕ್ಕಿದ ಅಂತ ಖುಷಿ. ಸ್ವಲ್ಪ ಹಿಡ್ಕೋ, ಗಾಜು ಒರೆಸ್ತೀನಿ."

ಅವಳು ಚೀಲದೊಳಗೆ ಕೈ ಹಾಕಿ ಕಲ್ಲನ್ನು ಹಿಡಿದಳು. ಬೆರಳಿಗೆ ಏನೋ ತಾಕಿತು. ತಿರುಗಿಸಿ ನೋಡಿದಳು. ಅಡಿಯಲ್ಲಿ ಹಸಿರು ದಾರ, ಅವಳದೇ ಗಂಟು. ಹವಳ ಕಲ್ಲನ್ನು ಕಚ್ಚಿ ಹಿಡಿದಿತ್ತು. ದಾರದ ಹಂಗು ಅದಕ್ಕಿನ್ನು ಬೇಕಿರಲಿಲ್ಲ. ಇವನಿಗೆ ಹೇಳಿ ಏನು ಪ್ರಯೋಜನ? ದಾರದ ಮೇಲೊಂದು ಉಪನ್ಯಾಸ ಕೇಳಬೇಕಾಗುತ್ತದೆ. ಗಂಟು ಕೆಳಗಾಗುವಂತೆ ಕಲ್ಲನ್ನು ಅವನ ಅಂಗೈಗಿಟ್ಟಳು.

ಅವನು ಅದನ್ನು ನೀರಿಗಿಳಿಸಿದ. ದೀಪದ ಕೆಳಗಿಟ್ಟ. ದೂರ ಸರಿದು ನೋಡಿ, ಇನ್ನೂ ಎಡಕ್ಕೆಂದ. ಮತ್ತೆ ಕೈ ಹಾಕಿ, ಪಂಪಿನ ಎದುರೇ ಸರಿ ಎಂದ. ಹಿಂದಿನಿಂದ ನೆಲಕ್ಕೆ ಕಬ್ಬಿಣ ಉಜ್ಜುವ ಸದ್ದು ಕೇಳಿಸಿತು. ಬಾಗಿಲ ಹಿಂದಿದ್ದ ಮಿಷಿನ್ನನ್ನು ಅವಳು ಹೊಸಿಲಿನವರೆಗೆ ಎಳೆದು ತಂದಿದ್ದಳು. ಹೊಲಿಗೆ ಡಬ್ಬಿ ಅದರ ಮೇಲಿತ್ತು.

"ಎಲ್ಲಿ ಇಡ್ತಿದೀಯ ಅದನ್ನ?" ತೊಟ್ಟಿಯಿಂದ ಕೈ ತೆಗೆಯದೆ, ತಿರುಗಿಯೂ ನೋಡದೆ ಅವನು ಕೇಳಿದ. "ಅಲ್ಲಿ ಬೆಳಕು ಸಾಲಲ್ಲ. ತಡಿ, ನಾನು ಬಂದು ಹೇಳ್ತೀನಿ."

"ಬೇಡ ರೀ," ಎಂದಳು ಅವಳು, ಚಪ್ಪಲಿ ಮೆಟ್ಟುತ್ತ. "ಅಕ್ಕನ ಅಂಗಡೀಲಿ ಒಂದು ಮೂಲೆ ಖಾಲಿ ಇದೆಯಂತೆ."