ಅಮ್ಮನ ಜ್ವರ ‘ಬ್ರೋಕ್’ ಆದ ಮಧ್ಯಾಹ್ನ

ಗೋಡೆಗೆ ಹೊಸದಾಗಿ ಬಳಿದ ಸುಣ್ಣದ ವಾಸನೆ ಬಂದರೆ ನಾನು ಈಗಲೂ ಕುಣಿಗಲ್ಲಿನ ಅತ್ತೆಯ ಮನೆಗೆ ಹೋಗಿಬಿಡುತ್ತೇನೆ.

ಆಗ ಅಮ್ಮ ಟೈಫಾಯ್ಡ್ ಆಗಿ ತುಮಕೂರಿನ ಆಸ್ಪತ್ರೆಯಲ್ಲಿದ್ದಳು. ಜೊತೆಗಿದ್ದ ಅಪ್ಪ ನನ್ನನ್ನು ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ಅತ್ತೆಯ ಮಗಳ ಮದುವೆಗೆ ಸುಣ್ಣಬಣ್ಣದ ಗಡಿಬಿಡಿ. ಇಂಗ್ಲಿಷ್ ಮೇಷ್ಟರಾಗಿದ್ದ ಮಾವ, “ಇಡೀ ಮನೆಗೆ ವೆಡ್ಡಿಂಗ್ ಫೀವರ್ ಹಿಡ್ಕೊಂಡದೆ” ಅಂದಾಗ ಎಲ್ಲರೂ ನಕ್ಕರು. ಫೀವರ್ ಅಂದರೆ ಜ್ವರವೆಂದು ನನಗೆ ಗೊತ್ತಿತ್ತು. ಜ್ವರಕ್ಕೆ ಯಾಕೆ ನಗುತ್ತಾರೋ ತಿಳಿಯಲಿಲ್ಲ.

ಮಧ್ಯಾಹ್ನ ಪೋಸ್ಟಾಫೀಸಿನಿಂದ ಆಸ್ಪತ್ರೆಗೆ ಫೋನ್ ಮಾಡಿ ಬಂದ ಮಾವ, “ಫೀವರ್ ಬ್ರೋಕ್ ಅಂತೆ ಕಣೇ!” ಎಂದು ಬಾಗಿಲಿನಿಂದಲೇ ಕೂಗಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹಪ್ಪಳದ ಹಿಟ್ಟು ನಾದತೊಡಗಿದರು. ಬ್ರೋಕ್ ಅಂದರೆ ಒಡೆಯಿತು ಎಂದು ಶಾಲೆಯಲ್ಲಿ ಕಲಿತಿದ್ದೆ. ಜ್ವರ ಒಡೆದರೆ ಜ್ವರ ಬಂದವರ ಗತಿ? ನನಗೆ ಯಾರೂ ಏನೂ ಹೇಳಲಿಲ್ಲ. ಬಾಳೆಎಲೆಯ ಕಂತೆಗಳ ಹಿಂದೆ ಹೋಗಿ ಕೂತೆ. ಊಟಕ್ಕೂ ಯಾರೂ ಹುಡುಕಲಿಲ್ಲ.

ಸಂಜೆ ಅಪ್ಪ ಬಂದರು. “ಅಮ್ಮ ಒಡೆದೋದ್ಳಾ?” ಎಂದು ಕೇಳಿದೆ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆ ತುಂಬ ನಗು. ಅಪ್ಪ ಮಾತ್ರ ನಗಲಿಲ್ಲ.

“ಇಲ್ಲ ಕಣಮ್ಮ, ಜ್ವರ ಬಿಡ್ತು. ನಡಿ, ನೋಡ್ಕೊಂಡ್ ಬರಾಣ.”

“ನಾಳೆ ಮದ್ವೆ ಚಪ್ರ ಹಾಕೋದು ಕಣೋ, ಈಗ ಮಗೀನ ಎಲ್ಲಿಗ್ ಕರ್ಕೊಂಡ್ ಹೋಗ್ತೀಯ?” ಎಂದು ಅತ್ತೆ ತಡೆದರು.

ಅಪ್ಪ ಬಗ್ಗಿ ನನ್ನ ಕಾಲಿಗೆ ಚಪ್ಪಲಿ ಹಾಕಿದರು. ಬಸ್ಸಿನಲ್ಲಿ ಕೂತ ಮೇಲೆ ನನ್ನ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡರು. ತುಮಕೂರು ಬರುವವರೆಗೂ ನಾನು ಆ ಕೈ ಬಿಡಲಿಲ್ಲ.